ಆತಂಕದಿಂದ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಬಿಡುವುದು ಹೇಗೆ

ಮ್ಯಾನೇಜರ್ ಕಳುಹಿಸಿದ ಸಂದೇಶವನ್ನು ತೆರೆಯದೆ ಪರದೆಯ ಮೇಲೆ ಕಾಣುವ ಮೊದಲ ಸಾಲನ್ನಷ್ಟೇ ಓದಿ ಬಿಟ್ಟುಬಿಡುವುದು, ತಿಂಗಳ ಕೊನೆಯ ವಾರದಲ್ಲಿ ಬ್ಯಾಂಕಿನ ಆ್ಯಪ್ ಕಡೆಗೆ ತಲೆಹಾಕದಿರುವುದು, ಗೊತ್ತಿಲ್ಲದ ನಂಬರಿನಿಂದ ಬಂದ ಕರೆ ತಾನಾಗಿ ನಿಲ್ಲುವವರೆಗೆ ಫೋನನ್ನು ಬೋರಲು ಹಾಕಿ ಕೂರುವುದು, ‘ನಿಂದು ಯಾವಾಗಪ್ಪ ಊಟ ಹಾಕಿಸೋದು?’ ಎಂದು ಕೇಳುವ ಚಿಕ್ಕಮ್ಮನ ಕಣ್ಣಿಗೆ ಬೀಳಬಾರದೆಂದು ಮದುವೆಯ ಛತ್ರಕ್ಕೆ ಕೊನೆಯ ಪಂಕ್ತಿಯ ಹೊತ್ತಿಗೆ ಹೋಗಿ ಮುಯ್ಯಿಯ ಕವರ್ ಕೊಟ್ಟು ಬರುವುದು, ಇವೆಲ್ಲ ಬೇರೆ ಬೇರೆ ಸಂಗತಿಗಳಂತೆ ತೋರಿದರೂ ಒಂದೇ ಕೆಲಸದ ಹಲವು ರೂಪಗಳು. ಎದೆ ಡವಗುಟ್ಟುವ, ಹೊಟ್ಟೆಯಲ್ಲಿ ತಳಮಳವಾಗುವ ಆ ಕೆಲವು ನಿಮಿಷಗಳು ಬಾರದಿರಲೆಂದು ನಾವು ದಿನವಿಡೀ ಏರ್ಪಾಟು ಮಾಡಿಕೊಳ್ಳುತ್ತಿರುತ್ತೇವೆ. ಬೆಂಗಳೂರಿನಲ್ಲಿ ಇಂಥ ಏರ್ಪಾಟುಗಳಿಗೆ ಅನುಕೂಲವೂ ಹೆಚ್ಚು. ಅಂಗಡಿಯವರೊಡನೆ ಒಂದು ಮಾತೂ ಆಡದೆ ದಿನಸಿ ಬಾಗಿಲಿಗೆ ಬರುತ್ತದೆ, ಕ್ಯಾಮೆರಾ ಆಫ್ ಮಾಡಿಕೊಂಡು ಇಡೀ ಮೀಟಿಂಗ್ ಮುಗಿಸಬಹುದು, ಎದುರುಮನೆಯವರ ಹೆಸರು ತಿಳಿಯದೆ ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಓಡಾಡಬಹುದು.

ಈ ಏರ್ಪಾಟುಗಳನ್ನು ಗುರುತಿಸಿ ಒಂದೊಂದಾಗಿ ಕಳಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಆತಂಕವೇ ಬಾರದ ಬದುಕನ್ನು ಯಾರೂ ಕೊಡಲಾರರು. ಕೊಡುತ್ತೇವೆ ಎನ್ನುವ ಶಿಬಿರಗಳಿಗೆ ದುಡ್ಡು ಕಟ್ಟುವ ಮೊದಲು ಎರಡು ಬಾರಿ ಯೋಚಿಸಿ.

ತಪ್ಪಿಸಿಕೊಂಡಷ್ಟೂ ಬೆಳೆಯುವುದೇಕೆ

ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ನೀಡುತ್ತದೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಹೃದಯದ ಬಡಿತ ಏರುತ್ತದೆ, ಉಸಿರು ಬಿಗಿಯುತ್ತದೆ, ಅಂಗೈ ಬೆವರುತ್ತದೆ. ಇದು ಓಡುವುದಕ್ಕೆ ಅಥವಾ ಸೆಣಸುವುದಕ್ಕೆ ದೇಹ ಮಾಡಿಕೊಳ್ಳುವ ಸಿದ್ಧತೆ. ಅನುಭವಿಸುವಾಗ ಎಷ್ಟೇ ಕಷ್ಟವೆನಿಸಿದರೂ ಅದು ಏರಿದ ಹಾಗೆಯೇ ಇಳಿಯುತ್ತದೆ. ಪ್ಯಾನಿಕ್ ಅಟ್ಯಾಕ್ ಎನ್ನುವ ತೀವ್ರ ದಿಗಿಲು ಕೂಡ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತನ್ನ ತುದಿ ಮುಟ್ಟಿ ಅನಂತರ ತಗ್ಗತೊಡಗುತ್ತದೆ. ತೊಂದರೆಯೆಂದರೆ, ಅದು ತಗ್ಗುವುದನ್ನು ನೋಡುವಷ್ಟು ಹೊತ್ತು ನಾವು ಅಲ್ಲಿ ನಿಲ್ಲುವುದೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಹೋಬರ್ಟ್ ಮೌರರ್ 1947ರಲ್ಲಿ ಇದನ್ನು ಎರಡು ಹಂತಗಳಲ್ಲಿ ವಿವರಿಸಿದರು. ಮೊದಲು ಯಾವುದೋ ಒಂದು ಜಾಗ ಅಥವಾ ಸನ್ನಿವೇಶದೊಂದಿಗೆ ಹೆದರಿಕೆ ತಳುಕು ಹಾಕಿಕೊಳ್ಳುತ್ತದೆ. ಆಮೇಲೆ ಅಲ್ಲಿಂದ ಹಿಂದೆ ಸರಿದಾಗ ಸಿಗುವ ನಿರಾಳತೆಯೇ ಬಹುಮಾನವಾಗಿ, ಹಿಂದೆ ಸರಿಯುವುದು ಅಭ್ಯಾಸವಾಗಿ ಬಿಡುತ್ತದೆ. ಅಲ್ಲಿಯೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶ ಮನಸ್ಸಿಗೆ ಸಿಗುವುದಿಲ್ಲ. ‘ಎದ್ದು ಬಂದೆ, ಅದಕ್ಕೇ ಬಚಾವಾದೆ’ ಎಂದೇ ಅದು ಲೆಕ್ಕ ಬರೆದುಕೊಳ್ಳುತ್ತದೆ. ಮೀಟರ್ ಬಡ್ಡಿಗೆ ತಂದ ದುಡ್ಡಿನ ಹಾಗೆ, ಈ ನಿರಾಳತೆ ಇವತ್ತಿನ ಗಂಟಲು ಬಿಡಿಸಿ ನಾಳೆಯ ಕುತ್ತಿಗೆಗೆ ಕೂರುತ್ತದೆ. ಒಂದು ಮೀಟಿಂಗಿನಲ್ಲಿ ಮಾತನಾಡುವುದನ್ನು ತಪ್ಪಿಸಿಕೊಂಡವರು ಕೆಲವು ತಿಂಗಳಲ್ಲಿ ಊಟದ ಮೇಜಿನಲ್ಲಿ ಸಹೋದ್ಯೋಗಿಗಳ ಜೊತೆ ಕೂರುವುದನ್ನೂ ತಪ್ಪಿಸಿಕೊಳ್ಳತೊಡಗುವುದು ಹೀಗೆ.

ಯಾವುದು ವಿವೇಕ, ಯಾವುದು ಪಲಾಯನ

ಹಿಂದೆ ಸರಿಯುವುದೆಲ್ಲ ತಪ್ಪಲ್ಲ. 2023ರ ಮೇ ತಿಂಗಳಿನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ಜೀವ ಕಳೆದುಕೊಂಡರು. ಜೋರು ಮಳೆಯಲ್ಲಿ ಅಂಡರ್‌ಪಾಸ್ ಬಿಟ್ಟು ಸುತ್ತುಬಳಸಿ ಹೋಗುವುದು ವಿವೇಕ. ಮಳೆಯ ಮಾತೇ ಇಲ್ಲದ ಫೆಬ್ರವರಿಯಲ್ಲೂ ಊರಿನ ಯಾವ ಅಂಡರ್‌ಪಾಸಿಗೂ ಇಳಿಯಲಾರೆ ಎನ್ನುವುದು ಪಲಾಯನ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಜಯನಗರದಿಂದ ನಾಲ್ಕು ಗಂಟೆ ಮೊದಲೇ ಹೊರಡುವವರನ್ನು ಪರಊರಿನವರು ಪುಕ್ಕಲರೆಂದು ನಕ್ಕಾರು, ಹೆಬ್ಬಾಳದಲ್ಲಿ ಒಮ್ಮೆ ಸಿಕ್ಕಿಬಿದ್ದವರು ನಗಲಾರರು. ಅಪರಾತ್ರಿಯಲ್ಲಿ ನಿರ್ಜನ ರಸ್ತೆಯಲ್ಲಿ ಒಬ್ಬರೇ ನಡೆಯಲು ಅಂಜುವ ಹೆಣ್ಣುಮಕ್ಕಳಿಗಾಗಲೀ, ಮನೆಯಲ್ಲಿ ಹೊಡೆತ ತಿನ್ನುವವರಿಗಾಗಲೀ ‘ಭಯವನ್ನು ಎದುರಿಸಿ’ ಎಂದು ಹೇಳುವುದು ಕ್ರೌರ್ಯ. ಅಲ್ಲಿ ಬದಲಾಗಬೇಕಾದುದು ಪರಿಸ್ಥಿತಿಯೇ.

ಅನುಮಾನವಿದ್ದಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವೆ. ಇದೇ ಜಾಗದಲ್ಲಿ, ಇಷ್ಟೇ ತಿಳಿವಳಿಕೆಯಿರುವ ಇನ್ನೊಬ್ಬರು ಹೀಗೆಯೇ ಮಾಡುತ್ತಿದ್ದರೇ? ಇದರಿಂದ ನಾನು ಬಿಟ್ಟುಕೊಟ್ಟದ್ದೇನು: ಬಡ್ತಿಯೋ, ಗೆಳೆತನವೋ, ಒಂದು ಪ್ರವಾಸವೋ? ಇವೆರಡಕ್ಕಿಂತ ಹೆಚ್ಚು ಹೇಳುವುದು ಮೂರನೆಯ ಪ್ರಶ್ನೆ: ಹೋದ ವರ್ಷಕ್ಕೆ ಹೋಲಿಸಿದರೆ ನಾನು ಹೋಗದ ಜಾಗಗಳ, ಮಾಡದ ಕೆಲಸಗಳ ಪಟ್ಟಿ ಬೆಳೆದಿದೆಯೇ? ವಿವೇಕದ ಪಟ್ಟಿ ಹಾಗೆ ತಾನಾಗಿ ಬೆಳೆಯುತ್ತ ಹೋಗುವುದಿಲ್ಲ.

ಮೊದಲ ವಾರ: ಬರೆದಿಡುವುದು

ಮೊದಲ ಒಂದು ವಾರ ಏನನ್ನೂ ಬದಲಿಸಲು ಹೋಗಬೇಡಿ. ಜೇಬಿನಲ್ಲಿ ಹಿಡಿಯುವ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಹಿಂದೆ ಸರಿದ ಪ್ರತಿ ಸಂದರ್ಭವನ್ನು ಎರಡು ಮೂರು ಸಾಲಿನಲ್ಲಿ ಬರೆಯಿರಿ: ಎದುರಾದದ್ದು ಏನು, ಏನಾಗಿಬಿಡುತ್ತದೆಂದು ಅನ್ನಿಸಿತು, ನೀವು ಏನು ಮಾಡಿದಿರಿ. ಫೋನಿನಲ್ಲಿ ಬರೆಯುವುದಕ್ಕಿಂತ ಕಾಗದ ಒಳ್ಳೆಯದು. ತಳಮಳವಾದೊಡನೆ ರೀಲ್ಸ್ ತಿರುಗಿಸುತ್ತ ಕೂರುವುದೂ ಈ ಪಟ್ಟಿಗೆ ಸೇರಬೇಕಾದದ್ದೇ. ಬರೆಯಲೆಂದು ಕೈಗೆತ್ತಿಕೊಂಡ ಫೋನು ಎಲ್ಲಿಗೆ ಕರೆದೊಯ್ಯುತ್ತದೆಂದು ಎಲ್ಲರಿಗೂ ಗೊತ್ತು.

ಹೋಗದೆ ಇದ್ದದ್ದು ಸುಲಭವಾಗಿ ಕಾಣುತ್ತದೆ. ಹೋಗಿಯೂ ತಪ್ಪಿಸಿಕೊಳ್ಳುವುದು ಕಾಣುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಸಾಲ್ಕೊವ್‌ಸ್ಕಿಸ್ 1991ರಲ್ಲಿ ಗಮನ ಸೆಳೆದದ್ದು ಇದರ ಕಡೆಗೆ: ಜನರು ಹೆದರುವ ಜಾಗಕ್ಕೆ ಹೋಗುತ್ತಲೇ ಇರುತ್ತಾರೆ, ಆದರೆ ಒಂದಲ್ಲ ಒಂದು ರಕ್ಷಣೆಯನ್ನು ಜೊತೆಗಿಟ್ಟುಕೊಂಡಿರುತ್ತಾರೆ, ಏನೂ ಆಗದೆ ಮರಳಿದಾಗ ಅದರ ಶ್ರೇಯ ಆ ರಕ್ಷಣೆಗೆ ಸಲ್ಲುತ್ತದೆಯೇ ಹೊರತು ಜಾಗ ಸುರಕ್ಷಿತವಾಗಿತ್ತೆಂಬ ಸಂಗತಿಗೆ ಸಲ್ಲುವುದಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು ಎನ್ನುವುದು, ಬಾಯಾರಿಕೆ ಇಲ್ಲದಿದ್ದರೂ ನೀರಿನ ಬಾಟಲಿಯನ್ನು ಕೈಬಿಡದಿರುವುದು, ಹಳೆಯ ಮಾತ್ರೆಯೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡರೇ ಧೈರ್ಯವೆನ್ನುವುದು, ಪರಿಚಿತರು ಎದುರಾದಾಗ ಕರೆ ಬಂದಂತೆ ಫೋನನ್ನು ಕಿವಿಗಿಡುವುದು, ಮೀಟಿಂಗಿನಲ್ಲಿ ಹೇಳಬೇಕಾದ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತ ಕೂತು ಅಷ್ಟರಲ್ಲಿ ವಿಷಯವೇ ಬದಲಾಗಿ ಹೋಗುವುದು, ಬೀಗ ಹಾಕಿ ಬೀದಿ ತಿರುವಿನವರೆಗೆ ಬಂದವರು ಮತ್ತೆ ಹಿಂತಿರುಗಿ ಅದನ್ನು ಜಗ್ಗಿ ನೋಡುವುದು, ಇವನ್ನೆಲ್ಲ ಬಿಡದೆ ಬರೆದುಕೊಳ್ಳಿ.

ದೇವರ ಪ್ರಾರ್ಥನೆಯೂ ಇದರಲ್ಲಿ ಸೇರುತ್ತದೆಯೇ ಎಂದು ಕೇಳುವವರಿದ್ದಾರೆ. ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದು ಕೆಲಸಕ್ಕೆ ಹೊರಡುವುದು ಸೇರುವುದಿಲ್ಲ. ಎಣಿಕೆ ತಪ್ಪಿತೆಂದು ಶ್ಲೋಕವನ್ನು ಮೊದಲಿನಿಂದ ಹೇಳುತ್ತ ಬಸ್ ತಪ್ಪಿಸಿಕೊಳ್ಳುವುದು, ಬಲಗಡೆ ಹೂ ಬೀಳಲಿಲ್ಲವೆಂದು ಸಂದರ್ಶನಕ್ಕೇ ಹೋಗದಿರುವುದು ಸೇರುತ್ತದೆ.

ಮೆಟ್ಟಿಲು ಕಟ್ಟುವುದು

ವಾರದ ಪಟ್ಟಿಯಿಂದ ಒಂದೇ ಒಂದು ಭಯವನ್ನು ಆರಿಸಿಕೊಳ್ಳಿ. ಎಲ್ಲಕ್ಕಿಂತ ದೊಡ್ಡದನ್ನೂ ಬೇಡ, ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗದಂಥದ್ದನ್ನೂ ಬೇಡ. ಅದು ಹೋದರೆ ನಿಮ್ಮ ದಿನಚರಿ ನಿಜವಾಗಿಯೂ ಸಲೀಸಾಗುವಂತಿರಬೇಕು. ಅದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಡಿ. ಸೊನ್ನೆ ಎಂದರೆ ಪೂರ್ಣ ನಿರಾಳ, ನೂರು ಎಂದರೆ ಊಹಿಸಬಹುದಾದ ಅತಿ ಕೆಟ್ಟ ದಿಗಿಲು. ಈ ಅಳತೆಯನ್ನು ರೂಢಿಗೆ ತಂದವರು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ; ಇಂದಿಗೂ ಚಿಕಿತ್ಸಕರು ಇದನ್ನೇ ಬಳಸುತ್ತಾರೆ.

ಜಯನಗರದಲ್ಲಿ ವಾಸವಾಗಿರುವ, ಸುರಂಗದಲ್ಲಿ ಓಡುವ ಮೆಟ್ರೋ ಎಂದರೆ ಎದೆ ಝಲ್ಲೆನ್ನುವ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಚಿಕ್ಕಪೇಟೆಯಲ್ಲಿ ಸೀರೆ ತರಬೇಕಾದರೆ ಆಕೆ ಆಟೋಗೆ ದುಬಾರಿ ತೆತ್ತು, ಟ್ರಾಫಿಕ್‌ನಲ್ಲಿ ಬೆಂದು ಹೋಗುತ್ತಾರೆಯೇ ಹೊರತು ಮೆಟ್ರೋ ಹತ್ತುವುದಿಲ್ಲ. ಹಸಿರು ಮಾರ್ಗದ ರಚನೆ ಈಕೆಗೆಂದೇ ಮಾಡಿದಂತಿದೆ. ಜಯನಗರದಿಂದ ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ರೈಲು ಕಂಬಗಳ ಮೇಲೆ ಬೆಳಕಿನಲ್ಲಿ ಸಾಗುತ್ತದೆ; ಅಲ್ಲಿಂದ ಮುಂದೆ ನೆಲದೊಳಗೆ ಇಳಿದು ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಮುಟ್ಟುತ್ತದೆ. ಹಾಗಾಗಿ ಆಕೆಯ ಮೊದಲ ಮೆಟ್ಟಿಲು ಜಯನಗರದ ಪ್ಲಾಟ್‌ಫಾರ್ಮಿನಲ್ಲಿ ಕೂತು ನಾಲ್ಕಾರು ರೈಲುಗಳನ್ನು ನೋಡಿ ಬರುವುದು, ಅಂಕ ಇಪ್ಪತ್ತು. ನ್ಯಾಷನಲ್ ಕಾಲೇಜಿನವರೆಗೆ ಹೋಗಿ ವಾಪಸ್ಸಾಗುವುದಕ್ಕೆ ಮೂವತ್ತೈದು. ಮಗಳ ಜೊತೆಯಲ್ಲಿ ಒಂದೇ ಒಂದು ನಿಲ್ದಾಣದಷ್ಟು ಸುರಂಗ ದಾಟಿ ಮಾರುಕಟ್ಟೆಯಲ್ಲಿ ಇಳಿಯುವುದಕ್ಕೆ ಐವತ್ತೈದು, ಅದನ್ನೇ ಒಬ್ಬರೇ ಮಾಡುವುದಕ್ಕೆ ಎಪ್ಪತ್ತು, ಚಿಕ್ಕಪೇಟೆಯವರೆಗೆ ಹೋಗುವುದಕ್ಕೆ ಎಂಬತ್ತು. ಸಂಜೆಯ ನೂಕುನುಗ್ಗಲಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸುವುದಕ್ಕೆ ತೊಂಬತ್ತೈದು.

ಪ್ರತಿ ಮೆಟ್ಟಿಲನ್ನು ಏರುವ ಮುನ್ನ, ಏನಾಗುತ್ತದೆಂದು ಭಯವಿದೆಯೋ ಅದನ್ನು ಸ್ಪಷ್ಟವಾಗಿ ಬರೆಯಬೇಕು. ‘ಏನೋ ಒಂಥರಾ ಆಗುತ್ತೆ’ ಎಂದರೆ ಸಾಲದು. ‘ಮಾರುಕಟ್ಟೆ ಬರುವಷ್ಟರಲ್ಲಿ ಉಸಿರು ಕಟ್ಟಿ ಬಿದ್ದುಬಿಡುತ್ತೇನೆ’ ಎಂದು ಬರೆದರೆ ಅದು ನಿಜವಾಯಿತೇ ಇಲ್ಲವೇ ಎಂದು ಆಮೇಲೆ ನೋಡಬಹುದು. ಇಳಿದ ಮೇಲೆ ಅದರ ಕೆಳಗೆ ನಡೆದದ್ದನ್ನು ಬರೆಯಬೇಕು: ‘ಎದೆ ಹೊಡೆದುಕೊಂಡಿತು, ಕಂಬಿ ಹಿಡಿದ ಕೈ ಬೆವರಿತು, ಪಕ್ಕದಲ್ಲಿದ್ದ ಅಜ್ಜಿ ಸೇವಂತಿಗೆ ರೇಟು ಕೇಳಿದರು, ಬೀಳಲಿಲ್ಲ.’ ಕ್ಯಾಲಿಫೋರ್ನಿಯಾದ ಸಂಶೋಧಕಿ ಮಿಶೆಲ್ ಕ್ರ್ಯಾಸ್ಕ್ ಮತ್ತು ಅವರ ಸಂಗಡಿಗರು ಒತ್ತಿಹೇಳುವ ಸಂಗತಿ ಇದೇ. ಪ್ರಯಾಣದ ಕೊನೆಗೆ ಭಯ ಎಷ್ಟು ಇಳಿಯಿತು ಎಂಬುದಕ್ಕಿಂತ, ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಷ್ಟು ಅಂತರವಿತ್ತು ಎಂಬುದರಿಂದ ಮನಸ್ಸು ಹೆಚ್ಚು ಕಲಿಯುತ್ತದೆ. ಆದ್ದರಿಂದ ನಡುಗುತ್ತಲೇ ಪೂರೈಸಿದ ಪ್ರಯಾಣವೂ ಪೂರೈಸಿದ ಪ್ರಯಾಣವೇ.

ಒಂದು ಮೆಟ್ಟಿಲನ್ನು ಒಮ್ಮೆ ಹತ್ತಿ ಬಿಡಬಾರದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಜನ ಕಡಿಮೆ ಇದ್ದಾಗಲೂ ಹೆಚ್ಚಿದ್ದಾಗಲೂ ಅದನ್ನೇ ಮಾಡಬೇಕು. ಅದು ರೂಢಿಯಾದಂತೆ ಬಾಟಲಿ, ಮಾತ್ರೆ, ಕಿವಿಗೆ ಸಿಕ್ಕಿಸಿದ ಇಯರ್‌ಫೋನ್ ಇವುಗಳನ್ನು ಒಂದೊಂದಾಗಿ ಮನೆಯಲ್ಲೇ ಬಿಟ್ಟು ಹೊರಡಬೇಕು. ಭಯ ತುದಿಯಲ್ಲಿದ್ದಾಗ ಇಳಿದು ಹೋಗುವುದನ್ನು ಮಾತ್ರ ಆದಷ್ಟೂ ತಡೆಯಿರಿ, ಏಕೆಂದರೆ ಹಳೆಯ ಪಾಠ ಗಟ್ಟಿಯಾಗುವುದು ಆ ಕ್ಷಣದಲ್ಲೇ. ತೀರಾ ಆಗದ ದಿನ ಮನೆಗೆ ಮರಳುವ ಬದಲು ಒಂದು ಮೆಟ್ಟಿಲು ಕೆಳಗಿನದನ್ನು ಮಾಡಿ ಬನ್ನಿ.

ಉಸಿರಾಟದ ಬಗ್ಗೆ ಒಂದು ಮಾತು. ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಹೊರಬಿಟ್ಟರೆ ಹೃದಯದ ಬಡಿತ ತಗ್ಗುತ್ತದೆ. ದಿನವೂ ಪ್ರಾಣಾಯಾಮ ಮಾಡುವವರಿಗೆ ಇದು ಹೊಸದೇನಲ್ಲ. ಅದನ್ನು ದಿನಚರಿಯಾಗಿ ಇಟ್ಟುಕೊಳ್ಳಿ. ಆದರೆ ರೈಲಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಸುರಂಗ ಮುಗಿಯುವವರೆಗೆ ಉಸಿರೆಣಿಸುತ್ತ ಕೂತರೆ ಅದೂ ಇನ್ನೊಂದು ನೀರಿನ ಬಾಟಲಿಯೇ ಆಗುತ್ತದೆ. ಕಣ್ಣು ಬಿಟ್ಟು ಬೋಗಿಯನ್ನು ನೋಡಿ.

ಆಫೀಸಿನ ಭಯಗಳಿಗೆ ಮೆಟ್ಟಿಲು ಇನ್ನೂ ಸುಲಭ. ಬಂದ ಸಂದೇಶವನ್ನು ಮಧ್ಯಾಹ್ನಕ್ಕೆ ಮುಂದೂಡದೆ ತೆರೆಯುವುದು, ಮುಂದಿನ ವಾರ ಎರಡೇ ಸಾಲಿನಲ್ಲಿ, ಮತ್ತೆ ಮತ್ತೆ ಓದಿ ತಿದ್ದದೆ ಉತ್ತರಿಸುವುದು, ಅದಾದ ಮೇಲೆ ಮೀಟಿಂಗಿನ ಮೊದಲ ಐದು ನಿಮಿಷದೊಳಗೆ ಏನಾದರೊಂದು ಪ್ರಶ್ನೆ ಕೇಳುವುದು. ಮದುವೆಮನೆಯ ಚಿಕ್ಕಮ್ಮನಿಗೆ ಮೆಟ್ಟಿಲು ಕಟ್ಟುವುದು ಸ್ವಲ್ಪ ಕಷ್ಟ. ಆಕೆ ನೇರವಾಗಿ ಕೊನೆಯ ಮೆಟ್ಟಿಲಿನಲ್ಲೇ ನಿಂತಿರುತ್ತಾರೆ.

ಯೋಚನೆಯನ್ನು ಅದುಮುವವರಿಗೆ

ಕೆಲವರು ಜಾಗಗಳಿಂದಲ್ಲ, ಯೋಚನೆಗಳಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ‘ಅದನ್ನೆಲ್ಲ ಯೋಚನೆ ಮಾಡ್ಬೇಡ’ ಎಂಬುದು ನಮ್ಮ ಮನೆಗಳಲ್ಲಿ ಅತಿ ಸುಲಭವಾಗಿ ಸಿಗುವ ಸಲಹೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಯೋಚಿಸಬಹುದು ಎಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು.

ಅದುಮುವುದರ ಬದಲು ಚಿಂತೆಗೆ ಹೊತ್ತು ಗೊತ್ತುಮಾಡುವುದು ಲೇಸು. ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಈ ಕ್ರಮ ಸರಳವಾಗಿದೆ: ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಚಿಂತಿಸುವುದು, ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಆ ಅರ್ಧ ಗಂಟೆಗೆ ಮುಂದೂಡುವುದು. ಸಂಜೆ ಆರೂವರೆಗೆ ಬಾಲ್ಕನಿಯ ಕುರ್ಚಿಯಾದೀತು, ಹಾಸಿಗೆ ಮಾತ್ರ ಬೇಡ. ಆ ಹೊತ್ತಿನಲ್ಲಿ ಪಟ್ಟಿ ತೆಗೆದು, ನಿಮ್ಮ ಕೈಯಲ್ಲಿ ಏನಾದರೂ ಇರುವ ಚಿಂತೆಗೆ ಮುಂದಿನ ಕೆಲಸವನ್ನು ಬರೆಯಿರಿ: ಇಎಂಐ ಚಿಂತೆಯಾದರೆ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ಎಷ್ಟೆಂದು ನೋಡುವುದು, ರಕ್ತಪರೀಕ್ಷೆಯ ಚಿಂತೆಯಾದರೆ ಲ್ಯಾಬಿಗೆ ಹೋಗುವ ದಿನ ಗೊತ್ತುಮಾಡುವುದು. ಕೈಯಲ್ಲಿ ಏನೂ ಇಲ್ಲದ ಚಿಂತೆಗಳನ್ನು ಸುಮ್ಮನೆ ಓದಿ. ಬೆಳಿಗ್ಗೆ ಭೂತವಾಗಿ ಕಂಡ ಎಷ್ಟೋ ಸಾಲುಗಳು ಸಂಜೆಗೆ ಯಾಕೆ ಬರೆದೆವೆಂದೇ ತಿಳಿಯದಂತಾಗಿರುತ್ತವೆ.

ಮನೆಯವರ ಪಾತ್ರ

‘ರೀ, ನಂಗೇನೂ ಆಗಲ್ಲ ಅಲ್ವಾ?’ ‘ಏನೂ ಆಗಲ್ಲ ಬಿಡೇ.’ ಈ ಮಾತುಕತೆ ಅರ್ಧ ಗಂಟೆಯ ನಿರಾಳತೆ ಕೊಡುತ್ತದೆ, ಮತ್ತೆ ಅದೇ ಪ್ರಶ್ನೆ ಬರುತ್ತದೆ. ರಾತ್ರಿ ಪಾಳಿಯ ಮಗಳು ಕ್ಯಾಬ್ ಹತ್ತಿದ ಕ್ಷಣದಿಂದ ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ನೋಡುತ್ತ, ಸಿಲ್ಕ್ ಬೋರ್ಡ್ ಬಳಿ ಚುಕ್ಕೆ ನಿಂತೊಡನೆ ಫೋನ್ ಮಾಡುವ ತಾಯಿಯದೂ ಇದೇ ಕಥೆ. ಲೊಕೇಶನ್ ಹಂಚಿಕೊಳ್ಳುವುದು ವಿವೇಕವೇ. ಸಿಲ್ಕ್ ಬೋರ್ಡ್‌ನಲ್ಲಿ ಚುಕ್ಕೆ ನಿಲ್ಲುವುದು ಅಪಾಯದ ಸೂಚನೆಯಾಗಿದ್ದರೆ ಊರಿಗೆ ಊರೇ ಅಪಾಯದಲ್ಲಿರಬೇಕಿತ್ತು.

ಭರವಸೆ ಕೊಡುವುದನ್ನು ಒಮ್ಮೆಲೇ ನಿಲ್ಲಿಸಿ ಗದರಿಕೊಂಡರೆ ಕೆಲಸ ಕೆಡುತ್ತದೆ. ಇಬ್ಬರೂ ಸಮಾಧಾನದಲ್ಲಿರುವಾಗ ಕೂತು ಮಾತನಾಡಿ, ಒಂದು ಪ್ರಶ್ನೆಗೆ ದಿನಕ್ಕೆ ಒಂದೇ ಉತ್ತರ ಎಂದು ಒಪ್ಪಿಕೊಳ್ಳಿ. ಮತ್ತೆ ಕೇಳಿದಾಗ, ‘ಬೆಳಿಗ್ಗೇನೂ ಇದನ್ನೇ ಕೇಳಿದ್ದೆ, ಉತ್ತರ ನಿಂಗೇ ಗೊತ್ತು. ಭಯ ಆಗ್ತಿದೆ ಅಂತ ಕಾಣ್ಸುತ್ತೆ, ಬಾ, ಸ್ವಲ್ಪ ಹೊತ್ತು ಜೊತೆಗೆ ಕೂತ್ಕೊಳ್ಳೋಣ’ ಎನ್ನಬಹುದು. ಮಗಳು ಹೊರಡುವಾಗ ಒಂದು, ತಲುಪಿದಾಗ ಒಂದು ಸಂದೇಶ ಎಂದು ತಾಯಿಯೊಡನೆ ಮಾಡಿಕೊಂಡ ಒಪ್ಪಂದ ಸಾಕು.

ಕಾಫಿ, ನೈಂಟಿ, ಮಾತ್ರೆ

ಕೆಫೀನ್ ಎದೆಬಡಿತ, ನಡುಕ ತರುತ್ತದೆ, ಅವು ಆತಂಕದ ಲಕ್ಷಣಗಳೇ ಆದ್ದರಿಂದ ಮನಸ್ಸು ಮೋಸಹೋಗುತ್ತದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಸ್ಟ್ರಾಂಗ್ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ಫಿಲ್ಟರ್ ಕಾಫಿ ಬಿಡಿ ಎಂದು ಈ ಊರಿನಲ್ಲಿ ಹೇಳುವ ಧೈರ್ಯ ನನಗಿಲ್ಲ, ಮಧ್ಯಾಹ್ನಕ್ಕೆ ಕೊನೆ ಮಾಡಿ ಎನ್ನಬಲ್ಲೆ. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಹಾಕುವ ನೈಂಟಿ ಇದಕ್ಕಿಂತ ಕೆಟ್ಟದ್ದು. ಅದು ಆ ಸಂಜೆ ತಳಮಳವನ್ನು ಅಡಗಿಸಿ, ನಿದ್ದೆ ಕೆಡಿಸಿ, ಮರುದಿನ ಬೆಳಿಗ್ಗೆ ಹೆಚ್ಚು ಮಾಡಿ ಹಿಂದಿರುಗಿಸುತ್ತದೆ. ಯಾರೋ ಕೊಟ್ಟ ಹಳೆಯ ಚೀಟಿ ತೋರಿಸಿ ಅಲ್ಪ್ರಜೋಲಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ಕೊಂಡು ನುಂಗುವುದು ಇನ್ನೂ ಕೆಟ್ಟದ್ದು; ಅದು ಬೇಗ ಅಭ್ಯಾಸವಾಗುತ್ತದೆ. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಏಕಾಏಕಿ ನಿಲ್ಲಿಸಿದರೂ ಅಪಾಯ, ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಬಿಡಬೇಕು.

ವೈದ್ಯರ ಬಳಿಗೆ ಯಾವಾಗ

ಮೊದಲ ಬಾರಿಗೆ ಎದೆನೋವು, ಬೆವರು, ಉಸಿರಾಟದ ತೊಂದರೆ ಬಂದರೆ ಅದನ್ನು ಆತಂಕವೆಂದು ನೀವೇ ತೀರ್ಮಾನಿಸಬೇಡಿ. 108ಕ್ಕೆ ಕರೆಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ರಕ್ತಹೀನತೆಯಲ್ಲೂ ಹಾಗೆಯೇ, ಆದ್ದರಿಂದ ಕುಟುಂಬ ವೈದ್ಯರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದೆಲ್ಲ ಸರಿಯಿದ್ದೂ ಚಿಂತೆ ತಿಂಗಳುಗಟ್ಟಲೆ ಬಿಡದಿದ್ದರೆ, ಕೆಲಸಕ್ಕೆ ಹೋಗುವುದು ತಪ್ಪುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಮೆಟ್ಟಿಲು ಕಟ್ಟುವ ಕೆಲಸವನ್ನು ಒಬ್ಬರೇ ಮಾಡಬೇಡಿ. ಹಿಂದೆ ದೌರ್ಜನ್ಯ ಅಥವಾ ಭೀಕರ ಅಪಘಾತಕ್ಕೆ ಒಳಗಾದವರೂ ಚಿಕಿತ್ಸಕರ ನೆರವಿನಿಂದಲೇ ಅದನ್ನು ಆರಂಭಿಸಬೇಕು.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು; ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ವೈದ್ಯರ ಬಳಿಗೆ ಹೋಗದಿರುವುದೂ ತಪ್ಪಿಸಿಕೊಳ್ಳುವುದೇ ತಾನೆ. ಮೊದಲ ಮೆಟ್ಟಿಲು ಫೋನ್ ಕರೆಯಾಗಬಹುದು: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲು ಹಿಂಜರಿಯುವವರಿಗೆ ಬಿಟಿಎಂ ಬಡಾವಣೆಯಲ್ಲಿ ಅದೇ ಸಂಸ್ಥೆಯ ಕ್ಷೇಮ ಕೇಂದ್ರವಿದೆ. ಮಾತಿನ ಚಿಕಿತ್ಸೆಯ ಜೊತೆಗೆ ಆತಂಕಕ್ಕೆಂದು ವೈದ್ಯರು ಬರೆದುಕೊಡುವ, ಖಿನ್ನತೆಗೂ ಬಳಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತವೆ; ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡುವಂಥವಲ್ಲ.

ಮೊದಲ ಭೇಟಿಯಲ್ಲಿ ‘ಟೆನ್ಶನ್ ಜಾಸ್ತಿ ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಎಷ್ಟು ತಿಂಗಳಿನಿಂದ ಹೀಗಿದೆ, ಯಾವ ಯಾವ ಜಾಗಗಳಿಗೆ ಹೋಗುವುದನ್ನು ಬಿಟ್ಟಿದ್ದೀರಿ, ನಿದ್ದೆ ಹೇಗಿದೆ, ಮನೆಯಲ್ಲಿ ಇನ್ನಾರಿಗಾದರೂ ಇತ್ತೇ, ಚೀಟಿಯಿಲ್ಲದೆ ಕೊಂಡ ಮಾತ್ರೆಗಳು ಯಾವುವು, ಸಂಜೆಯ ನೈಂಟಿ ವಾರಕ್ಕೆ ಎಷ್ಟು ದಿನ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಹೆಂಡತಿ ಅಥವಾ ತಂದೆಯ ಎದುರು ಹೇಳಲು ಸಂಕೋಚವಾದರೆ ವೈದ್ಯರೊಡನೆ ಹತ್ತು ನಿಮಿಷ ಒಬ್ಬರೇ ಮಾತನಾಡಬೇಕೆಂದು ಕೇಳಬಹುದು. ಅವರು ಅವಕಾಶ ಮಾಡಿಕೊಡುತ್ತಾರೆ.